ಬಾಟಲಿಯೊಳಗಿನ ಪಕ್ಕೆ ಮೀನು

ಇಟ್ಟಮಡು,
೮ ನವೆಂಬರ್ ೨೦೨೫, ಶನಿವಾರ

ಪ್ರೀತಿಯ ಮೊಮ್ಮಗಳು ದಿವ್ಯಾಳಿಗೆ,

ಹೊಂಗೆ ಮರ, ಪುಟ್ಟೀ. ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅಂಜನಾಪುರದ ಹಳ್ಳದ ಎರಡೂ ದಡದಲ್ಲಿ ಆಗ ಏನಿತ್ತು ಅಂತ. ಸಾಲು ಹೊಂಗೆ. ಇರಲಿ, ಮೊದಲು ನಿನ್ನ ಕೆಮ್ಮು ಹೇಗಿದೆ? ಮೈಸೂರಿನ ಹಾಸ್ಟೆಲಿನಲ್ಲಿ ಬಿಸಿನೀರು ಸಿಗುತ್ತದೋ ಇಲ್ಲವೋ. ನಿನ್ನ ಸಂಶೋಧನೆಗೆ ಮೀನು ಹಿಡಿಯಲು ನೀರಿಗಿಳಿದ ದಿನವಾದರೂ ಕಷಾಯ ಕುಡಿ. ನನ್ನ ಮಂಡಿ ಹಾಗೇ ಇದೆ, ಮಹಡಿ ಹತ್ತುವಾಗ ಮಾತ್ರ ಮಾತಾಡುತ್ತದೆ.

ಹೊಂಗೆ ಅಂದೆನಲ್ಲ. ಆ ಕೊಂಬೆಗಳಿಂದ ಇರುವೆ, ಮಿಡತೆ ನೀರಿಗೆ ಉದುರುತ್ತಿದ್ದವು, ಪಕ್ಕೆ ಮೀನುಗಳು ಕಾದಿದ್ದು ನುಂಗುತ್ತಿದ್ದವು. ನಿಮ್ಮಜ್ಜಿ ಸೊಣ್ಣಮ್ಮ ಅದೇ ಹಳ್ಳದ ದಂಡೆಯಲ್ಲಿ ಬೆಳೆದವಳು. ಬೂದಿ ಹಚ್ಚಿ ಮೀನು ಉಜ್ಜಿ, ಹೊಟ್ಟೆ ಸೀಳಿ, "ನೋಡ್ರೀ, ಬರೀ ಈಸಲು ಹುಳ. ನೆನ್ನೆ ಮೇಲ್ಗಡೆ ಮಳೆ ಬಿದ್ದೈತೆ" ಅನ್ನುತ್ತಿದ್ದಳು. ಆ ರೆಕ್ಕೆಗೆದ್ದಲು ಏಳುವುದು ಮಳೆ ಬಿದ್ದಮೇಲೇ ತಾನೆ; ರೇಡಿಯೋಗಿಂತ ಮೊದಲೇ ಅವಳಿಗೆ ಮಳೆ ಸುದ್ದಿ ಗೊತ್ತು. ಈಗ ಅಲ್ಲಿ ಎರಡೂ ಕಡೆ ಕಾಂಕ್ರೀಟ್ ಗೋಡೆ. ನೀನು ಹಿಡಿದ ಮೀನುಗಳ ಹೊಟ್ಟೆಯಲ್ಲಿ ಪಾಚಿ, ಚರಂಡಿಯ ಕೆಂಪು ಹುಳ ಬಿಟ್ಟರೆ ಬೇರೇನಿಲ್ಲ ಅಂದಾಗ, ಮಕ್ಕಳಿಗೆ ದಿನಾ ಹಳಸಿದ್ದನ್ನೇ ಬಡಿಸಿದಂತೆ ಸಂಕಟವಾಯಿತು.

ಇನ್ನು ಮೈಯ ಆಕಾರದ ಮಾತು. ಪಿಯುಸಿಯಲ್ಲಿ ನಮ್ಮ ಲೆಕ್ಚರರ್ ಬರೆಸಿದ್ದು ಇನ್ನೂ ನೆನಪಿದೆ: "ದಿ ಬಾಡಿ ಆಫ್ ದಿ ಫಿಶ್ ಈಸ್ ಸ್ಟ್ರೀಮ್‌ಲೈನ್ಡ್, ದೇರ್‌ಫೋರ್..." ದೇರ್‌ಫೋರ್ ಆದಮೇಲೆ ಏನೋ ಇತ್ತು, ಹೋಯಿತು. ಹರಿಯುವ ನೀರಿನದು ತೆಳ್ಳಗೆ, ನಿಂತ ನೀರಿನದು ಗುಂಡಗೆ ಅಂತಲೋ ಏನೋ. ನಿನ್ನೆ ನೀನು ಎಷ್ಟು ಖುಷಿಯಾಗಿ ಹೇಳಿದೆ! "ತಾತ, ನೀನು ೧೯೭೬ರಲ್ಲಿ ಹಿಡಿದ ಬಾಟಲಿ ಮೀನು ಎಷ್ಟು ಗುಂಡಗಿದೆ, ಇವತ್ತಿನವು ಎಷ್ಟು ಸಣಕಲು! ಬೆಂಗಳೂರು ಮೀನಿನ ಮೈಯನ್ನೇ ಕರಗಿಸಿಬಿಡ್ತು ಅಂತ ಸೋಮವಾರ ಸೆಮಿನಾರಲ್ಲಿ ಎಲ್ಲರ ಮುಂದೆ ಇದನ್ನೇ ಮೊದಲು ತೋರಿಸ್ತೀನಿ. ನಿನ್ನ ಮೀನೇ ನನ್ನ ಹೀರೋ." ನಾನು "ಸಖತ್" ಅಂದು ಫೋನಿಟ್ಟೆ. ಆಮೇಲೆ ಊಟ ಸೇರಲಿಲ್ಲ.

ನೀನೀಗ ಒಯ್ದಿರುವ ಆ ಫಾರ್ಮಲಿನ್ ಬಾಟಲಿಯನ್ನು ಅಷ್ಟು ವರ್ಷ ಒರೆಸಿಟ್ಟವಳು ನಿಮ್ಮಜ್ಜಿ. ಉಪ್ಪಿನಕಾಯಿ ಜಾಡಿಯ ಪಕ್ಕ ಇಡಬೇಡ ಮಾರಾಯ್ತಿ ಅಂದರೆ, "ನೀವು ಓದಿದ್ದಕ್ಕೆ ಉಳಿದಿರೋ ಸಾಕ್ಷಿ ಇದೊಂದೇ" ಅಂತ ನಗುತ್ತಿದ್ದಳು. ಆ ನಗು ಯಾಕೆಂದರೆ... ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ, ಕಾಗದದ ಗೆರೆ ಕಾಣುತ್ತಿಲ್ಲ. ಹೊಟ್ಟೆ ತುಂಬ ತಿನ್ನು. ನೀನು ಕೈ ಹಾಕಿದ ಕೆಲಸ ಗಟ್ಟಿಯಾಗಿ ನಿಲ್ಲಲಿ.

ನಿನ್ನ ತಾತ,
ರಾಮಯ್ಯ

ವಿ.ಸೂ.: ದೀಪ ಹಾಕಿ ಬರೆಯುತ್ತಿದ್ದೇನೆ. ಧೈರ್ಯ ಸಾಲದೆ ಇದನ್ನು ಕೊನೆಗೆ ತಳ್ಳಿದೆ. ಆ ಮೀನು ಹಳ್ಳದ್ದಲ್ಲ, ಯಡಿಯೂರು ಕೆರೆಯದು. ಪಿಯುಸಿ ಪ್ರಾಕ್ಟಿಕಲ್‌ಗೆ ಹಳ್ಳದ ಮೀನು ತರಬೇಕಿತ್ತು. ಅಂಜನಾಪುರದವರೆಗೆ ಸೈಕಲ್ ತುಳಿಯಲು ಸೋಮಾರಿತನ. ಹತ್ತಿರದ ಕೆರೆಯಲ್ಲಿ ಹಿಡಿದು, ಚೀಟಿಯಲ್ಲಿ ಹಳ್ಳದ ಹೆಸರು ಬರೆದು ಅಂಟಿಸಿದೆ. ಮದುವೆಯಾಗಿ ಬಂದ ವಾರವೇ ಅಜ್ಜಿ ಬಾಟಲಿಯನ್ನು ಬಿಸಿಲಿಗೆ ಹಿಡಿದು, "ಇದು ನಮ್ ಹಳ್ಳದ್ದಲ್ಲ ಕಣ್ರೀ, ಹೊಟ್ಟೆ ನೋಡಿ. ಕೂತಲ್ಲೇ ತಿಂದಿರೋ ಕೆರೆ ಮೀನು, ಥೇಟ್ ನಿಮ್ ತರಾನೇ" ಅಂದಳು. ಆದರೆ ಕೊನೆತನಕ ಅವಳು ಯಾರಿಗೂ ಹೇಳಲಿಲ್ಲ. ನಮ್ಮ ಹಳ್ಳದ ಪಕ್ಕೆ ಆಗಲೂ ತೆಳ್ಳಗೇ ಇದ್ದವು ಮಗಳೇ. ಸೋಮವಾರ ಬಾಟಲಿ ತೋರಿಸಬೇಡ. ಹೊಟ್ಟೆಯೊಳಗಿನ ಹುಳ ನೀನೇ ಕಣ್ಣಾರೆ ಕಂಡದ್ದು, ಅದನ್ನು ಹೇಳು. ಮಹಡಿ ಮನೆಯ ಮಹೇಶ್ ನಾಳೆ ಮೈಸೂರಿಗೆ ಬರುತ್ತಾನೆ, ಅವನ ಕೈಲೇ ಈ ಕಾಗದ. ಓದಿದ ತಕ್ಷಣ ಫೋನ್ ಮಾಡು. ಬೈಯುವುದಕ್ಕಾದರೂ ಮಾಡು.