ಕಾಲಂ ಖಾಲಿ ಬಿಡಬಾರದು

ನಿಗಡಿ, ಪುಣೆ
೧೮ ನವೆಂಬರ್ ೨೦೦೭, ರವಿವಾರ

ಪ್ರೀತಿಯ ಅಕ್ಕಾ,

...'ನಿನಗೇನರ ತ್ರಾಸ ಆದೀತೇನೋ ತಮ್ಮಾ' ಅಂದೆಯೋ, 'ನಿನಗ ತ್ರಾಸ ಆಗಬಾರದು ನೋಡು' ಅಂದೆಯೋ, ಬುಧವಾರ ಫೋನಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಹಿಂದೆ ಯಾರೋ ತಾಟು ತೊಳೆಯುತ್ತಿದ್ದರು. ಚುನಾವಣೆಯಲ್ಲಿ ನಿನ್ನೆದುರು ಸೋತ ಸಿದ್ರಾಮಪ್ಪ ನಿನ್ನ ಮೇಲೆ ಕೋರ್ಟಿಗೆ ಹೋಗಿದ್ದಾನೆ, ಗೆದ್ದು ಎರಡು ತಿಂಗಳೂ ಆಗದ ನಗರಸಭೆಯ ಸದಸ್ಯತ್ವ ಹೋಗುವ ಹಾಗಿದೆ, ಡಿಸೆಂಬರ್ ಮೂರಕ್ಕೆ ತಾರೀಖು ಬಿದ್ದಿದೆ. ಇಷ್ಟೆಲ್ಲ ಹೇಳಿದ ಮೇಲೆ ನೀನು ಕೇಳಿದ್ದು ನನ್ನ ತ್ರಾಸಿನ ಬಗ್ಗೆ. ನಾನು 'ಹ್ಞೂಂ' ಅಂದೆ. ಅದು ಉತ್ತರವಾಗಿರಲಿಲ್ಲ. ಅದಕ್ಕೇ ಈ ಪತ್ರ.

ನಿನ್ನ ಮೊಣಕಾಲು ಈಗ ಹೇಗಿದೆ? ಖಾನಾವಳಿಯಲ್ಲಿ ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದನ್ನು ಇನ್ನಾದರೂ ಬಿಡು, ಕಟ್ಟೆ ಕಟ್ಟಿಸಿಕೊ ಎಂದು ನಾನು ಹೇಳುತ್ತೇನೆ, ನಿಂತು ಬಡಿದರೆ ರೊಟ್ಟಿಗೆ ರುಚಿ ಬರುವುದಿಲ್ಲ ಎಂದು ನೀನು ಹೇಳುತ್ತೀ, ಇದು ಹತ್ತು ವರ್ಷದಿಂದ ನಡೆದಿದೆ. ಇಲ್ಲಿ ಎಲ್ಲರೂ ಅರಾಮ. ನಮ್ಮಾಕೆ ರಂಜನಾಳ ಬಿ.ಪಿ. ಹತೋಟಿಯಲ್ಲಿದೆ. ದೀಪಾವಳಿಗೆ ನೀನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ ಶೇಂಗಾ ಹೋಳಿಗೆಯನ್ನು ಮಗ ಸ್ವಪ್ನಿಲ್ ಶಾಲೆಗೆ ಒಯ್ದು ಹಂಚಿಬಿಟ್ಟ. 'ಆತ್ಯಾ ನಗರಸೇವಿಕಾ ಆಗಿದ್ದಾಳೆ', ನಮ್ಮ ಅತ್ತೆ ನಗರಸಭೆಯ ಸದಸ್ಯೆ ಎಂದು ಗೆಳೆಯರಿಗೆ ಹೇಳಿಕೊಳ್ಳಲು ಅವನಿಗೆ ಒಂದು ನೆಪ ಬೇಕಿತ್ತು. ಈ ಪತ್ರವನ್ನು ನಿನಗೆ ಓದಿ ಹೇಳುತ್ತಿರುವ ರಾಮಲಿಂಗಪ್ಪ ಮಾಸ್ತರರಿಗೆ ನನ್ನ ನಮಸ್ಕಾರ. ಮಧ್ಯಾಹ್ನದ ಊಟ ಮುಗಿಸಿ, ಕೈ ಒರೆಸಿಕೊಂಡು, ಗಲ್ಲೆಯ ಪಕ್ಕದ ಕುರ್ಚಿಯಲ್ಲಿ ಕೂತು, ಊಟಕ್ಕೆ ಕೂತವರಿಗೆ ಕೇಳಿಸದ ಹಾಗೆ ತಗ್ಗಿದ ದನಿಯಲ್ಲಿ ಅವರು ಓದುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ನಿವೃತ್ತರಾದ ಮೇಲೂ ಅವರು ಊರಿಗೆ ಮಾಡುತ್ತಿರುವ ಕೆಲಸ ಇದು.

ನಿನ್ನ ಜೊತೆಯ ಸದಸ್ಯರ ಬಗ್ಗೆ ನೀನು ಹೋದ ತಿಂಗಳು ಫೋನಿನಲ್ಲಿ ಹೇಳಿದ್ದನ್ನು ನೆನೆದು ಈಗಲೂ ನಗುತ್ತಿರುತ್ತೇನೆ. ಮೂವತ್ತೊಂದು ಮಂದಿಯಲ್ಲಿ ಹತ್ತಿ ದಲಾಲರು ಆರು, ಗುತ್ತಿಗೆದಾರರು ಒಂಬತ್ತು, 'ಸಮಾಜಸೇವೆ' ಎಂದು ಬರೆಸಿಕೊಂಡವರು ಏಳು. ಅದರ ಅರ್ಥ ಏನು ಎಂದು ಕೇಳಿದ್ದಕ್ಕೆ, 'ಕೆಲಸಿಲ್ಲ, ಆದ್ರ ಜೀಪ್ ಅದ' ಎಂದೆ. ಸಾರಾಯಿ ಅಂಗಡಿ ನಡೆಸುತ್ತಿದ್ದವನು, ಸಾರಾಯಿ ಬಂದಾದ ಮೇಲೆ ನೀರು ಪೂರೈಕೆ ಸಮಿತಿಗೆ ಕಣ್ಣು ಹಾಕಿದ್ದಾನಂತೆ. 'ಒಂದು ಕುಡಿಸಿ ಆತು, ಇನ್ನೊಂದು ಕುಡಸ್ತೀನಿ ಅಂತಾನ, ಕೈ ಮಾತ್ರ ಅವs' ಎಂದೆಯಲ್ಲ. ಇವರ ನಡುವೆ ನೀನು, ಖಾನಾವಳಿಯ ಕಾಶವ್ವ ಒಬ್ಬಳು. ಮೊದಲ ಸಭೆಯಲ್ಲೇ ಎದ್ದು, ಸಂತೆಯ ಬಯಲಿನಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರಿಗೆ ಪಾಯಖಾನೆ ಕಟ್ಟಿಸಬೇಕು ಎಂದು ಕೇಳಿದಳು. ಯಾರೋ ನಕ್ಕು, 'ಕಾಶವ್ವಾ, ಮೊದಲನೇ ಮೀಟಿಂಗಿನ್ಯಾಗ ಇದೆಂಥಾ ವಿಷಯ ತಗದಿ?' ಅಂದರೆ, 'ಹಂಗಾರ ಕಡೀ ಮೀಟಿಂಗ್ ತನಕಾ ತಡಕೊಂಡು ಕೂಡ್ರಂತ ಹೇಳ್ಲೇನ್ರಿ ಅವರಿಗೆ?' ಎಂದಳು. ಆಮೇಲೆ ಯಾರೂ ನಗಲಿಲ್ಲವಂತೆ. ಜಾಗ ನೋಡಲು ಇಂಜಿನಿಯರ್ ಬಂದು ಹೋದ ಎಂದೂ ಹೇಳಿದೆ. ಡಿಸೆಂಬರ್ ಮೂರರ ಮೇಲೆ ಆ ಪಾಯಖಾನೆಯೂ ನಿಂತಿದೆ. ಸಿದ್ರಾಮಪ್ಪನಿಗೆ ಆ ಜಾಗದಲ್ಲಿ ಅಂಗಡಿ ಸಾಲು ಬೇಕು ಎಂಬುದು ಊರಿಗೆಲ್ಲ ಗೊತ್ತಿದೆ.

ನಾನು ಇಂಥ ಜನರನ್ನು ಕಾಗದದ ಮೇಲೆ ಮಾತ್ರ ಬಲ್ಲೆ. ಫೆಬ್ರವರಿಯಲ್ಲಿ ಇಲ್ಲಿಯ ಚುನಾವಣೆಗೆ ನನ್ನನ್ನೂ ಸೇರಿಸಿ ನಮ್ಮ ಆಫೀಸಿನ ನಾಲ್ವರು ಗುಮಾಸ್ತರನ್ನು ಡ್ಯೂಟಿಗೆ ಹಾಕಿದ್ದರು. ಉಮೇದುವಾರರ ಪ್ರಮಾಣಪತ್ರ ಕೈಗೆ ತೆಗೆದುಕೊಂಡು, ಕಾಲಂ ಯಾವುದೂ ಖಾಲಿ ಇಲ್ಲ ಎಂದು ನೋಡುವುದಷ್ಟೇ ನನ್ನ ಕೆಲಸ. ಬರೆದದ್ದು ನಿಜವೋ ಸುಳ್ಳೋ ಎಂದು ನೋಡುವುದು ನನ್ನ ಕೆಲಸವಲ್ಲ. ಓದು ಎಷ್ಟು, ಉದ್ಯೋಗ ಏನು, ಆಸ್ತಿ ಎಷ್ಟು, ಎಂದಾದರೂ ಶಿಕ್ಷೆ ಆಗಿದೆಯೇ. ಒಬ್ಬ ತನ್ನ ಏಳು ಕೇಸುಗಳ ನಂಬರುಗಳನ್ನು ಮಕ್ಕಳ ಹೆಸರು ಹೇಳುವ ಹಾಗೆ ಬಾಯಿಪಾಠ ಹೇಳಿದ. ಒಬ್ಬಳ ಪ್ರತಿ ಪ್ರಶ್ನೆಗೂ ಗಂಡನೇ ಉತ್ತರ ಕೊಟ್ಟ. ಅವಳ ಹೆಸರು ಕೇಳಿದಾಗಲೂ. ಹಾಲು ಮಾರುವ ಮುದುಕನೊಬ್ಬ ಓದಿನ ಕಾಲಂ ಮುಂದೆ ಬಹಳ ಹೊತ್ತು ನಿಂತು, ಕಡೆಗೆ ನಾಲ್ಕನೆಯ ಇಯತ್ತೆ ಎಂದು ಬರೆಸಿದ, ಆಮೇಲೆ ವಾಪಸು ಬಂದು 'ನಾಲ್ಕನೇದು ಪಾಸಾಗಿಲ್ಲ, ಮೂರು ಅಂತ ಮಾಡಿ ಸಾಹೇಬ' ಎಂದ. ಅವನು ಸೋತ. ಏನೂ ಇಲ್ಲದ ಕಡೆ ಗೆರೆ ಎಳೆದರೂ ಅರ್ಜಿ ತಿರಸ್ಕಾರ ಆದೀತು, 'ನಿರಂಕ' ಎಂದು ಬರೆಯಿರಿ ಎಂದು ನಾನು ದಿನಕ್ಕೆ ನೂರು ಸಲ ಹೇಳುತ್ತಿದ್ದೆ. ಇಲ್ಲಿಯ ಕಚೇರಿಗಳಲ್ಲಿ 'ಇಲ್ಲ' ಎನ್ನುವುದಕ್ಕೆ ಅದೇ ಮಾತು. ಹದಿನೈದು ವರ್ಷ ಬರೆದು ಬರೆದು, ನನಗೆ ಈಗ ಅದು ನನ್ನ ಸಹಿಗಿಂತ ಚೆನ್ನಾಗಿ ಬರುತ್ತದೆ.

ಆಗಸ್ಟಿನಲ್ಲಿ ನಿನ್ನ ಖಾಲಿ ಫಾರ್ಮು ಬಂತು. 'ನಿನಗಿಂತ ಚಲೋ ಯಾರು ಬರೀತಾರ?' ಎಂದು ಮಾಸ್ತರರ ಕೈಯಲ್ಲಿ ಚೀಟಿ ಬರೆಸಿದ್ದೆ. ಒಂದು ರವಿವಾರ ಇದೇ ಮೇಜಿನ ಮೇಲೆ ಕೂತು ಕನ್ನಡದಲ್ಲಿ ತುಂಬಿದೆ. ಓದು: ಸಹಿ ಮಾಡಲು ಬರುತ್ತದೆ. ಉದ್ಯೋಗ: ಖಾನಾವಳಿ. ಶಿಕ್ಷೆ: ನಿರಂಕ. ನೀನು ನೋಟರಿಯ ಮುಂದೆ ಸಹಿ ಮಾಡಿ ಕೊಟ್ಟೆ. ನಮ್ಮ ಕಡೆ ಯಾರೂ ಆ ಶಬ್ದ ಬರೆಯುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಸೋತ ಸಿದ್ರಾಮಪ್ಪ ನಕಲು ತೆಗೆಸಿ ಓದಿದ, ನಿರಂಕ ಅಂದರೇನು ಎಂದು ನಾಲ್ಕು ಜನರನ್ನು ಕೇಳಿದ, ಸೊಲ್ಲಾಪುರದ ಬೀಗರು ಯಾರೋ ಅದು ಪುಣೆ ಕಡೆಯ ಆಫೀಸಿನ ಮಾತು ಎಂದರು. ಅಲ್ಲಿಗೆ ಅವನಿಗೆ ನೀನು ಪುಣೆಯಲ್ಲಿ ಕಳೆದ ವರ್ಷಗಳು ನೆನಪಾದವು. ನೇರ ಇಲ್ಲಿಯ ಮಾರ್ಕೆಟ್ ಯಾರ್ಡಿಗೆ ಬಂದು ಉಳ್ಳಾಗಡ್ಡಿ ಸಾಲಿನಲ್ಲಿ ಕಾಶವ್ವ ಗೊತ್ತೇ ಎಂದು ವಿಚಾರಿಸಿದ್ದಾನೆ.

ಅವನಿಗೆ ಸಿಕ್ಕಿದ್ದು ನಮ್ಮ ಹಮಾಲ ಶಂಕ್ರೆಪ್ಪ. ಪಾಪ, ಶುಕ್ರವಾರ ಎರಡು ಬಸ್ಸು ಬದಲಿಸಿ ನಿಗಡಿಗೆ ಬಂದು, ಚಹಾ ಮುಟ್ಟದೆ ಕೂತಿದ್ದ. 'ನಿಮ್ಮೂರಾಂವ ಅದೀನಿ ಅಂದ. ಕಾಶವ್ವ ಆರಿಸಿ ಬಂದಾಳಂತ ಕೇಳಿ ನನಗ ಭಾಳ ಖುಷಿ ಆತು. ಹೆಮ್ಮೀಲೆ ಹೇಳ್ದೆ ತಮ್ಮಾ. ಗುಮಾಸ್ತನ ಹಣಿ ಒಡದು ಕೋರ್ಟ್ ಹತ್ತಿ ಬಂದ ಹೆಣಮಗಳು, ಅಕೀ ಬಿಟ್ರ ಮತ್ಯಾರು ಆರಿಸಿ ಬರಬೇಕು ಅಂದೆ. ಅಂವ ಬರಕೊಂಡ' ಎಂದ. ಶಿಕ್ಷೆ ಮುಚ್ಚಿಟ್ಟು ಸುಳ್ಳು ಪ್ರಮಾಣಪತ್ರ ಕೊಟ್ಟಳು ಎಂಬ ಸಿದ್ರಾಮಪ್ಪನ ದೂರಿಗೆ ಅದೇ ಆಧಾರ. ನಾನು ಅವನ ಬೆನ್ನು ಸವರಿದೆ. ನೀನು ಊರಿಗೆ ಮರಳಿ ಹನ್ನೊಂದು ವರ್ಷ ಆಯಿತು, ಆ ಸಾಲಿನ ಹೆಂಗಸರು ಹೊಸಬರಿಗೆ ಇನ್ನೂ ನಿನ್ನ ಕಥೆ ಹೇಳುತ್ತಾರಂತೆ.

ಆ ಕಥೆ ಮಾಸ್ತರರಿಗೆ ಗೊತ್ತಿರಲಾರದು, ಅದಕ್ಕೆ ಬರೆಯುತ್ತೇನೆ. ೧೯೯೧ರ ಬೇಸಿಗೆ. ನೀನು ಗಂಡನನ್ನು ಕಳೆದುಕೊಂಡು, ನನ್ನನ್ನು ಓದಿಸಲೆಂದೇ ಈ ಊರಿಗೆ ಬಂದವಳು, ದಲಾಲರ ಅಂಗಡಿಯ ಮುಂದೆ ಉಳ್ಳಾಗಡ್ಡಿ ಆರಿಸುತ್ತಿದ್ದೆ. ಅಲ್ಲಿ ಹೆಂಗಸರಿಗೆ ಹೋಗಲು ಲಾರಿಗಳ ಮರೆಯಲ್ಲದೆ ಬೇರೆ ಜಾಗ ಇರಲಿಲ್ಲ. ನೀನು ಬುಟ್ಟಿ ಬಿಟ್ಟು ಏಳುವಾಗ ಗುಮಾಸ್ತ ಹತ್ತು ಜನರೆದುರು ಒಂದು ಮಾತು ಅಂದ. ಅದನ್ನು ಮಾಸ್ತರರ ಬಾಯಲ್ಲಿ ಹೇಳಿಸಲಾರೆ. ನಾನು ಊಟದ ಗಂಟು ಹಿಡಿದು ತಕ್ಕಡಿಯ ಹತ್ತಿರ ನಿಂತಿದ್ದೆ. ಅರ್ಧ ಕಿಲೋ ತೂಕದ ಕಲ್ಲು ಹೋಗಿ ಅವನ ಹುಬ್ಬಿಗೆ ಬಡಿಯಿತು. ಜನ ಮುತ್ತಿದರು, ಪೊಲೀಸ್ ಬಂದ, ಯಾರು ಎಂದ. ನೀನು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದು 'ನಾನs ರೀ' ಎಂದೆ. ಏಳು ತಿಂಗಳ ಮೇಲೆ ಶಿವಾಜಿನಗರದ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡೆ. ದಂಡ, ಮತ್ತು ಕೋರ್ಟು ಏಳುವವರೆಗೆ ಅಲ್ಲೇ ಕೂತಿರುವ ಶಿಕ್ಷೆ. ಅಂಥದೊಂದು ಶಿಕ್ಷೆ ಇದೆ ಎಂದು ನನಗೆ ಅಂದೇ ಗೊತ್ತಾಗಿದ್ದು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ನೀನು ಗೋಡೆ ಪಕ್ಕದ ಬೆಂಚಿನ ಮೇಲೆ ಕೂತೆ, ನಾನು ಹೊರಗೆ ಬೇವಿನ ಮರದ ಕೆಳಗೆ. ಬಾಗಿಲ ಸಂದಿಯಿಂದ ನಿನ್ನ ಪಾದಗಳು ಮಾತ್ರ ಕಾಣುತ್ತಿದ್ದವು. ಹೊರಗೆ ಬಂದು ನೀನು, 'ಕುಂತು ಕುಂತು ಸೊಂಟಾ ಹಿಡೀತು, ಇದಕ್ಕಿಂತ ಉಳ್ಳಾಗಡ್ಡಿ ಆರಿಸೂದs ಚಲೋ' ಎಂದು ನಕ್ಕೆ. ಮರುವರ್ಷ ನನಗೆ ಸರಕಾರಿ ನೌಕರಿ ಆಯಿತು. ಪೊಲೀಸ್ ಪರಿಶೀಲನೆಯ ಫಾರ್ಮಿನಲ್ಲಿ ನಾನು ಜೀವನದ ಮೊದಲ ನಿರಂಕ ಬರೆದೆ. ಕಾಗದದ ಮಟ್ಟಿಗೆ ಅದು ನಿಜವೇ. ಈಗ ನನ್ನ ಆಫೀಸಿಗೂ ಆ ಕೋರ್ಟಿಗೂ ನಡುವೆ ಒಂದು ಗೋಡೆ. ಊಟದ ಹೊತ್ತಿನಲ್ಲಿ ಕೆಲವೊಮ್ಮೆ ಹೋಗಿ ಆ ಬೆಂಚನ್ನು ನೋಡಿ ಬರುತ್ತೇನೆ. ಬಣ್ಣ ಬದಲಾಗಿದೆ, ಬೆಂಚು ಅದೇ.

ಇನ್ನೇನು ಬರೆಯಲಿ. ಮೊಣಕಾಲಿಗೆ ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೊ, ತಾರೀಖಿನ ದಿನ ಉಪವಾಸ ಹೋಗಬೇಡ, ಕೋರ್ಟಿನಲ್ಲಿ ಕಾಯುವುದು ಎಷ್ಟು ಹೊತ್ತು ಎಂದು ನಿನಗೇ ಗೊತ್ತು. ಸಂತೆಯ ಹೆಂಗಸರಿಗೆಲ್ಲ ನನ್ನ ಶರಣು ಹೇಳು. ರಂಜನಾ ಮತ್ತು ಸ್ವಪ್ನಿಲ್ ನಿನ್ನ ಕಾಲಿಗೆ ಬೀಳುತ್ತಾರೆ, ಅವರ ಹಿಂದೆ ನಾನೂ.

ನಿನ್ನ ತಮ್ಮ,
ಚನ್ನವೀರ

ತಾ.ಕ.: ಮಾಸ್ತರೇ, ಇಲ್ಲಿಂದ ಮುಂದೆ ದಯವಿಟ್ಟು ಜೋರಾಗಿ ಓದಿರಿ, ಊಟಕ್ಕೆ ಕೂತವರಿಗೂ ಕೇಳಿಸಲಿ. ಆ ಕಲ್ಲು ಎಸೆದವನು ನಾನು, ಚನ್ನವೀರ. ಅಕ್ಕ ಅದನ್ನು ಮುಟ್ಟಲೂ ಇಲ್ಲ. ಫಾರ್ಮು ತುಂಬಿದವನೂ ನಾನೇ. ಆ ಕಾಲಮಿಗೆ ಬಂದಾಗ ಪೆನ್ನು ಕೆಳಗಿಟ್ಟು, ಎದ್ದು ಹೋಗಿ ಚಹಾ ಕುಡಿದು ಬಂದು ಬರೆದೆ, ಆದ್ದರಿಂದ ಕೈಯ ರೂಢಿ ಎಂದು ಹೇಳಿಕೊಳ್ಳುವಂತಿಲ್ಲ. ಶಿಕ್ಷೆ ಎಂದು ಬರೆದರೆ ಯಾವುದಕ್ಕೆ ಎಂದು ಯಾರಾದರೂ ಕೇಳಿಯಾರು ಎಂಬ ಭಯ. ಏನು ಬರೆದೆ ಎಂದು ಅಕ್ಕನಿಗೆ ಓದಿ ಹೇಳಲಿಲ್ಲ. ಇಷ್ಟನ್ನೂ ಪ್ರಮಾಣಪತ್ರ ಮಾಡಿಸಿ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ, ವಕೀಲರಿಗೆ ಕೊಡಿ. ಇದರಿಂದ ಸದಸ್ಯತ್ವ ಉಳಿದೇ ಉಳಿಯುತ್ತದೆ ಎಂದು ಹೇಳಲಾರೆ, ಶಿಕ್ಷೆ ಆದದ್ದು ಆಗಿದೆ. ನನ್ನ ನೌಕರಿಯ ಬಗ್ಗೆಯೂ ಹೇಳಲಾರೆ. ಮೂರನೆಯ ತಾರೀಖು ಬೆಳಿಗ್ಗೆ ನಾನೇ ಬಂದು ಕಟಕಟೆ ಹತ್ತುತ್ತೇನೆ, ರಜೆ ಹಾಕಿಯಾಯಿತು. ರಂಜನಾಗೂ ಹೇಳಿದೆ. ಅವಳು ಕುಕ್ಕರಿನ ಮುಚ್ಚಳ ತೆಗೆಯುತ್ತ, 'ಅದಕ್ಕೇನು, ಅಕ್ಕ ಬಂದಾಗೊಮ್ಮೆ ಅವರ ಚಪ್ಪಲಿ ನೀವs ಎತ್ತಿಡೂದು?' ಎಂದಳು. ನಾನು ಎತ್ತಿಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಮಾಸ್ತರೇ, ಕಡೆಯ ಸಾಲನ್ನು ಮತ್ತೆ ಮೆಲ್ಲಗೆ, ಅವಳೊಬ್ಬಳಿಗೆ. ಅಕ್ಕಾ, ಆ ರವಿವಾರ ನಾನು ಫೋನ್ ಮಾಡಿ ಆ ಕಾಲಮನ್ನು ನಿನಗೆ ಓದಿ ಹೇಳಿದ್ದರೆ, ನೀನು ಏನಂತ ಬರೆಸುತ್ತಿದ್ದೆ?