ಹಾಲೆ ಕೋಲು, ಜಾಲಿ ಕೋಲು

ಚನ್ನಪಟ್ಟಣ
೧೬ ನವೆಂಬರ್ ೨೦೨೫, ಭಾನುವಾರ

ಇಮಾಮ್ ಸಾಬರ ಅಂಗಳದಲ್ಲಿ ಸೇರಿರುವ ನನ್ನ ಪ್ರೀತಿಯ ಮಕ್ಕಳೇ, ಹಿರಿಯರೇ,

ನಿಮಗೆಲ್ಲ ನಿಮ್ಮ ಕೋಲಾಟದ ಮೇಷ್ಟರ ನಮಸ್ಕಾರ. ಮುರಿದ ಕದವನ್ನು ಹಾಗೆಯೇ ಒರಗಿಸಿ, ಈ ಅಂಗಳವನ್ನು ನಮಗೆ ಮತ್ತೆ ಬಿಟ್ಟುಕೊಟ್ಟ ಇಮಾಮ್ ಸಾಬರಿಗೆ ಮೊದಲು ಕೈಮುಗಿಯುತ್ತೇನೆ. ಒಂದು ಕಣ್ಣು ಕಳೆದುಕೊಂಡು ಮಲಗಿರುವ ಮಗ ಮನುವಿನ ಮಗ್ಗುಲು ಬಿಟ್ಟು, ನಾನು ಬೇಡಿಕೊಂಡೆನೆಂದು ಬಂದು ಕುಳಿತಿರುವ ಮಾರಕ್ಕನವರಿಗೂ ಅಷ್ಟೇ. ನನಗೆ ಬರಲಾಗಲಿಲ್ಲ, ಕಾರಣ ಕಾಗದದ ಕೊನೆಯಲ್ಲಿದೆ. ಭಾನುಪ್ರಿಯ ಓದುತ್ತಾಳೆ, ತಂಡದಲ್ಲಿ ಅವಳ ದನಿಯೇ ಗಟ್ಟಿ. ಶಿವಕುಮಾರ, ನೀನು ಮನುವಿನ ಅಣ್ಣ. ಒಳಗೆ ಬಾರದೆ ಬಾಗಿಲಲ್ಲೇ ನಿಂತಿರುತ್ತೀಯೆಂದು ಬಲ್ಲೆ. ನಿಂತೇ ಕೇಳಪ್ಪ, ಆದರೆ ಪೂರ್ತಿ ಕೇಳು.

ನಾಳೆ ನಮ್ಮ ತಂಡದ ಮುಜಾಮಿಲನ, ಮನುವಿನ ಜೋಡಿ ಆಟಗಾರನ, ಜಾಮೀನು ಅರ್ಜಿ ರಾಮನಗರದ ನ್ಯಾಯಾಲಯದ ಮುಂದೆ ಬರಲಿದೆ. ಮನುವನ್ನು ಕೊಲ್ಲಲೆಂದೇ ಹೊಡೆದ ಎಂಬುದು ಅವನ ಮೇಲಿನ ಆರೋಪ. ಹದಿನೆಂಟು ದಿನದಿಂದ ಆ ಹತ್ತೊಂಬತ್ತರ ಹುಡುಗ ಜೈಲಿನಲ್ಲಿದ್ದಾನೆ. ಅವನು ಹಗೆಯಿಂದ ಕೋಲು ಎತ್ತಿದವನಲ್ಲ ಎಂಬುದನ್ನು ನಿಮಗೆ ಮನವರಿಕೆ ಮಾಡುವುದಷ್ಟೇ ಈ ಕಾಗದದ ಕೆಲಸ.

'ಹನ್ನೊಂದರ ಹೆಜ್ಜೆ' ನಮಗೆ ಒದಗಿದಾಗ ಎಷ್ಟು ಸಂಭ್ರಮಪಟ್ಟಿದ್ದೆವು. ಬುಧವಾರ ರಾತ್ರಿ ಹನ್ನೊಂದಕ್ಕೆ ಕೇಬಲ್ ವಾಹಿನಿಯಲ್ಲಿ ನೇರ ಪ್ರಸಾರ. ಹಾಡು, ಹಾಸ್ಯ, ತಮಟೆ, ಕೊನೆಯಲ್ಲಿ ನಮ್ಮ ಕೋಲಾಟ. ಬಿಡದಿಯ ಕಾರ್ಖಾನೆಯಿಂದ ಎರಡನೇ ಪಾಳಿ ಮುಗಿಸಿ ಬಂದವರು ಉಣ್ಣುತ್ತ ನೋಡಲಿ ಎಂದು ಆ ಹೊತ್ತು ಇಟ್ಟಿದ್ದರಂತೆ. ಐದು ವಾರಕ್ಕೇ ನೋಡುಗರು ಕರಗಿದರು. ಕಾರ್ಯಕ್ರಮ ನಡೆಸುತ್ತಿದ್ದ ಚೈತನ್ಯ ನನ್ನನ್ನು ಪಕ್ಕಕ್ಕೆ ಕರೆದು, "ಮೇಷ್ಟ್ರೇ, ನಿಮ್ಮ ಕೋಲು ಸೌಂಡೇ ಬತ್ತಿಲ್ಲ. ಟೀವೀಲಿ ಕೇಳುದ್ರೆ ಐಕ್ಳು ಪೆನ್ಸಿಲ್ ಬಡೀತಾ ಕುಂತಂಗೈತೆ. ಮುಂದಿನ್ ವಾರ ನೋಡೋರ್ ಲೆಕ್ಕ ಏಳ್ಲಿಲ್ಲ ಅಂದ್ರೆ ಪ್ರೋಗ್ರಾಮೇ ಮುಚ್ತಾರೆ," ಎಂದ.

ನಮ್ಮ ಕೋಲು ಹಾಲೆ ಮರದ್ದು. ಗೊಂಬೆ ಕಡೆಯುವ ಅದೇ ಮರ, ಹಗುರ, ಮೆದು. ಸದ್ದು ಬೇಕೆಂದು ಜಾಲಿ ಮರದಲ್ಲಿ ಹನ್ನೆರಡು ಜೊತೆ ಕಡೆಸಿದ್ದಾಯಿತು. ಇಮಾಮ್ ಸಾಬರು ಮರ ಕಡೆಯುವ ಚಕ್ರ ನಿಲ್ಲಿಸಿ ಹೇಳಿದ್ದರು: "ಜಾಲಿ ಬಗ್ಗಾಕಿಲ್ಲ ಮೇಷ್ಟ್ರೇ, ಮುರಿಯಾಕೂ ಇಲ್ಲ. ಮಕ್ಕಳ ಕೈಗ್ಯಾಕೆ ಇದು?" ಹಾಲೆಗೂ ಜಾಲಿಗೂ ಒಂದೇ ಕೆಂಪು ಅರಗು ಬಳಿದರು. ಕಣ್ಣಿಗೆ ಎರಡೂ ಒಂದೇ, ಇಟ್ಟದ್ದೂ ಒಂದೇ ಬುಟ್ಟಿಯಲ್ಲಿ.

ಮಾರಕ್ಕನವರಿಗಾಗಿ ನಮ್ಮ ಕಡೆಯ ಹೆಜ್ಜೆಯನ್ನು ಬಿಡಿಸಿ ಹೇಳಬೇಕು. ಅದರ ಹೆಸರು ತಲೆಗೋಲು. ಒಬ್ಬ ಕೋಲನ್ನು ಎದುರಿನವನ ರುಮಾಲಿನ ಮೇಲೆ ಬೀಸಿ ಹೊಡೆಯುತ್ತಾನೆ. ಚಕ್ರದ ಮೇಲೆ ಆ ಕೋಲಿನ ಕತ್ತನ್ನು ಮೊದಲೇ ಸಣ್ಣಗೆ ಕಡೆದು, ಕಾಣದಂತೆ ಅರಗು ತುಂಬಿರುತ್ತಾರೆ. ಬಡಿದೊಡನೆ ಲಟಕ್ಕೆಂದು ಮುರಿಯುತ್ತದೆ, ನೋಡುವವರು ಹೌಹಾರುತ್ತಾರೆ. ಎದುರಿನವನು ತಲೆ ತಗ್ಗಿಸಬಾರದು. ಹೊಡೆಯುವವನು ಜೊತೆಗಾರನ ಮುಖದಿಂದ ಕಣ್ಣು ತೆಗೆಯಬಾರದು. ಹೊಡೆಯುವ ಮುನ್ನ ಅವನು ಹಿಡಿದ ಕೋಲು ಬಿಸುಟು, ಬರಿಗೈಯನ್ನು ಹಿಂದಕ್ಕೆ ಚಾಚುತ್ತಾನೆ; ಪರದೆಯ ಮರೆಯಲ್ಲಿರುವ ಗುರು ಕತ್ತು ಕಡೆದ ಹಾಲೆಯ ಕೋಲನ್ನು ಅದರಲ್ಲಿ ಇಡುತ್ತಾನೆ.

ಆರನೆಯ ಬುಧವಾರ ಜಾಲಿಯ ಸದ್ದಿಗೆ ಮಂಟಪವೇ ಅದುರಿತು. ಕೊನೆಗೆ ಮುಜಾಮಿಲ್ ಬೀಸಿದ. ಕೋಲು ಮುರಿಯಲಿಲ್ಲ. ರುಮಾಲಿನ ಅಂಚಿನಿಂದ ಜಾರಿ ಮನುವಿನ ಹುಬ್ಬನ್ನು ಒಡೆದು ಕಣ್ಣಿಗೆ ಇಳಿಯಿತು. ಮೂಳೆಯ ಸದ್ದು ಮೈಕಿನಲ್ಲಿ ಕೇಳಿತು. ಮನು ಬೀಳಲಿಲ್ಲ, ತಗ್ಗಬಾರದು ಎಂಬ ಪಾಠ ಮೈಗಂಟಿದಂತೆ ನಿಂತೇ ಇದ್ದ, ಬಿಳಿ ಅಂಗಿ ಸೊಂಟದವರೆಗೆ ಕೆಂಪಾಗುವ ತನಕ. ಮುಜಾಮಿಲ್ ತನ್ನ ರುಮಾಲನ್ನು ಕಿತ್ತು ಅವನ ಮುಖಕ್ಕೆ ಒತ್ತಿ, "ಏನ್ಲಾ, ಮಾತಾಡ್ಲಾ, ನನ್ನ ನೋಡ್ಲಾ," ಎಂದು ಅರಚುತ್ತಿದ್ದ. ಅಷ್ಟರಲ್ಲಿ ಪ್ರಸಾರ ನಿಂತಿತ್ತು. ಆ ಅರಚಾಟವನ್ನು ಜಗತ್ತು ನೋಡಲಿಲ್ಲ.

ನೋಡಿದ್ದು ಹನ್ನೊಂದು ಸೆಕೆಂಡಿನ ತುಣುಕು. ಫೋನಿನಿಂದ ಫೋನಿಗೆ ಹೋಯಿತು. ಸಾತನೂರಿನಲ್ಲಿ, ಮಾಗಡಿಯಲ್ಲಿ, ನಮ್ಮನ್ನು ಕಂಡೇ ಇಲ್ಲದವರು, "ಬೇಕಂತ್ಲೇ ಹೊಡ್ದವ್ನೆ ಕಣ್ಲಾ" ಎಂದು ತೀರ್ಪು ಕೊಟ್ಟರು. ಬೆಳಕು ಹರಿಯುವ ಮುನ್ನ ಇಪ್ಪತ್ತು ಜನ ಈ ಅಂಗಳಕ್ಕೆ ನುಗ್ಗಿದರು. ಕದ ಒಡೆದರು, ಚಕ್ರಗಳನ್ನು ಕಿತ್ತರು. "ಕೋಲು ಮಾಡಿದ್ದು ಈ ಕೈಯೇ ತಾನೆ?" ಎಂದು ಇಮಾಮ್ ಸಾಬರ ಬಲಗೈಯನ್ನು ಹೊಸಿಲ ಮೇಲೆ ಒತ್ತಿ ಹಿಡಿದು, ಉಳಿದಿದ್ದ ಜಾಲಿ ಕೋಲಿನಿಂದಲೇ ಬಡಿದರು. ಮೂರು ಬೆರಳು ಜಜ್ಜಿಹೋದವು. ಆ ಕೋಲೂ ಮುರಿಯಲಿಲ್ಲ. ಶಿವಕುಮಾರ, ಕೈಯನ್ನು ಒತ್ತಿ ಹಿಡಿದವನು ನೀನು. ಎಂಟನೇ ತರಗತಿಯಲ್ಲಿ ನಿನಗೆ ಕವಾಯತು ಕಲಿಸಿದ ನಾನು, ಅಡ್ಡ ಬಂದು ನಿನ್ನಿಂದಲೇ ಎದೆಗೆ ಒದೆ ತಿಂದು ಬಿದ್ದು ನೋಡಿದೆ. ಅದನ್ನು ಹಂಗಿಸಲು ಬರೆಯುತ್ತಿಲ್ಲ. ತಮ್ಮನ ರಕ್ತ ಕಂಡವನ ಕಣ್ಣಿಗೆ ಬೇರೇನೂ ಕಾಣುವುದಿಲ್ಲ.

ಆದರೆ ಈಗ ಕಾಣಬೇಕು. ಆರೋಪವೆಲ್ಲ ನಿಂತಿರುವುದು ಒಂದೇ ಮಾತಿನ ಮೇಲೆ. "ಅವತ್ತು ಮೇಷ್ಟ್ರು ಪರದೆ ಹತ್ರ ಇರ್ಲಿಲ್ಲ, ಬುಟ್ಟಿಯಿಂದ ನಾನೇ ತಕ್ಕೊಂಡೆ," ಎಂದು ಮುಜಾಮಿಲ್ ಹೇಳಿಕೆ ಕೊಟ್ಟಿದ್ದಾನೆ. ತಾನೇ ಆರಿಸಿಕೊಂಡನೆಂದರೆ ಜಾಲಿಯೆಂದು ಅರಿತೇ ಆರಿಸಿಕೊಂಡ ಎನ್ನುತ್ತಾರೆ ಪೊಲೀಸರು. ನಾಲ್ಕು ನಿಮಿಷ ಜಾಲಿಯನ್ನೇ ಬೀಸಿ ಮರಗಟ್ಟಿದ ಕೈಗೆ ತೂಕದ ವ್ಯತ್ಯಾಸ ಹೇಗೆ ತಿಳಿದೀತು? ಮನುವಿಗೆ ಇದು ಗೊತ್ತು. ಮೊನ್ನೆ ಆಸ್ಪತ್ರೆಯಲ್ಲಿ ಅವನು ನನ್ನನ್ನು ಕೇಳಿದ್ದು ಒಂದೇ: "ಮುಜ್ಜು ಊಟ ಮಾಡ್ತಾವ್ನಾ ಮೇಷ್ಟ್ರೇ?"

ಮಕ್ಕಳೇ, ನಿಮ್ಮ ಮೇಲಿನ ನನ್ನ ನಂಬಿಕೆ ಒಂದು ಎಳೆಯೂ ಸಡಿಲಗೊಂಡಿಲ್ಲ. ಒಬ್ಬರೆದುರು ಒಬ್ಬರು ತಲೆ ಕೊಟ್ಟು ನಿಲ್ಲಬಲ್ಲ ನೀವು, ಈ ಊರು ಹೇಗೆ ಬಾಳಬಹುದೆಂಬುದನ್ನು ನಮಗೆ ತೋರಿಸಿದವರು.

ಎಂದೆಂದೂ ನಿಮ್ಮ ಹಿತ ಬಯಸುವ,
ಚಲುವಯ್ಯ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೆಳಗೆ ಉಳಿಸಿದ್ದು: ಮುಜಾಮಿಲ್ ಸುಳ್ಳು ಹೇಳಿದ್ದಾನೆ. ಪರದೆಯ ಹಿಂದೆ ನಾನಿದ್ದೆ. ಜಾಲಿ ಕಡೆಸಿದವನೂ ನಾನೇ, ಅವನ ಕೈಗೆ ಆ ಕೋಲು ಇಟ್ಟವನೂ ನಾನೇ. ಚೈತನ್ಯ ಬೆರಳೆತ್ತಿ ಇನ್ನು ಹತ್ತು ಸೆಕೆಂಡು ಎಂದು ತೋರಿಸುತ್ತಿದ್ದ. ಬುಟ್ಟಿಯಿಂದ ಎತ್ತಿದಾಗ ನನ್ನ ಕೈಗೆ ಭಾರ ತಿಳಿಯಿತು. ಬದಲಿಸಲು ಒಂದು ಉಸಿರು ಸಾಕಿತ್ತು. ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು, ಕೊಟ್ಟುಬಿಟ್ಟೆ. ಮನು ತಗ್ಗಿಯಾನು ಎಂದುಕೊಂಡೆನೋ ಏನೋ. ತಗ್ಗಬಾರದೆಂದು ಕಲಿಸಿದವನೂ ನಾನೇ. ಮೇಷ್ಟರು ಉಳಿಯಲಿ ಎಂದು ಮಗು ಸುಳ್ಳಾಡಿತು. ಹದಿನೆಂಟು ದಿನ ನಾನು ಆ ಸುಳ್ಳಿನ ನೆರಳಲ್ಲಿ ಉಂಡು ಮಲಗಿದೆ. ನೀವಿದನ್ನು ಕೇಳುವ ಹೊತ್ತಿಗೆ ಠಾಣೆಯಲ್ಲಿ ನನ್ನ ಹೇಳಿಕೆ ಬರೆಸುತ್ತಿರುತ್ತೇನೆ. ಮಾರಕ್ಕ, ಶಾಪ ಹಾಕುವುದಿದ್ದರೆ ವಿಳಾಸ ತಪ್ಪದಿರಲಿ, ತಾಯಿ.

ಬುಟ್ಟಿಯಲ್ಲಿ ಹೊಸ ಹಾಲೆ ಕೋಲುಗಳಿವೆ. ಇಮಾಮ್ ಸಾಬರು ಎಡಗೈಯಲ್ಲಿ ಉಳಿ ಹಿಡಿದು ಕಡೆದವು. ಸಮನಾಗಿಲ್ಲ, ಆಡಿದರೆ ಸರಿಹೋಗುತ್ತವೆ. ತಲೆಗೋಲು ಇನ್ನು ಬೇಡ. ಭಾನುಪ್ರಿಯ, ಕಾಗದ ಮಡಿಸಿಡು, ಮೊದಲ ತಾಳ ನೀನು ಹಾಕು. ಶಿವಕುಮಾರ, ಮನುವಿನ ಜಾಗ ಖಾಲಿ ಇದೆ. ಒಳಗೆ ಬಾ, ಕೋಲು ತೆಗೆದುಕೊ. ಶುರು ಮಾಡಿ.