ಬೆನ್ನ ಹಿಂದಿನ ದನಿ

ಭದ್ರಾವತಿ
ಶುಕ್ರವಾರ

ರವಿಶಂಕರ ಸರ್ ಅವರಿಗೆ ಪೂಜಿತಾಳ ನಮಸ್ಕಾರ.

ಅಮ್ಮ ತೀರಿಕೊಂಡು ಎಂಟು ದಿನವಾಯಿತು. ಸೂತಕದ ಮನೆಯಿಂದ ನಾನು ಹೊರಡುವಂತಿಲ್ಲ; ಗೆಳತಿ ದೀಪಶ್ರೀ ಈ ಪತ್ರವನ್ನು ಶಿವಮೊಗ್ಗಕ್ಕೆ ತರುತ್ತಿದ್ದಾಳೆ. ಸೋಮವಾರ ಹೊಸ ಬ್ಯಾಚಿಗೆಂದು ಲ್ಯಾಬಿನ ಮೆಮೊರಿ ಕಾರ್ಡುಗಳನ್ನೆಲ್ಲ ಖಾಲಿ ಮಾಡುತ್ತೀರಂತೆ. ಹೋದ ತಿಂಗಳು ಧ್ವನಿಮುದ್ರಣದ ಪ್ರಾಜೆಕ್ಟ್ ಮುಗಿಸಿ ಕೊಟ್ಟಾಗ ನನ್ನ ಕಾರ್ಡಿನ ಕವರ್ ಮೇಲೆ ‘ಅಳಿಸಬಹುದು’ ಎಂದು ನಾನೇ ಬರೆದಿದ್ದೆ. ದಯವಿಟ್ಟು ಅಳಿಸಬೇಡಿ ಸರ್.

ರೆಕಾರ್ಡ್ ಮಾಡಿದ ದಿನ, ನೀವು ಹೇಳಿಕೊಟ್ಟಂತೆ ದನಿ ಬರುವ ದಿಕ್ಕೂ ದಾಖಲಾಗಲೆಂದು, ಎರಡೂ ಕಿವಿಗೆ ಪುಟ್ಟ ಮೈಕ್ ಸಿಕ್ಕಿಸಿಕೊಂಡು ಮನೆಯಿಂದ ಹೊರಟಿದ್ದೆ. ಅಮ್ಮ ಬಾಗಿಲಲ್ಲಿ ನಿಂತು, “ಹೊರಟೋರನ್ನ ಹಿಂದಿನಿಂದ ಕರೀಬಾರ್ದು, ಗೊತ್ತು. ಆದ್ರೂ ಒಂದ್ಸಲ ತಿರುಗೇ ಮಾರಾಯ್ತಿ” ಅಂದಳು. ರೆಕಾರ್ಡಿಂಗ್ ಕೆಡುತ್ತದೆಂದು ನಾನು ತಿರುಗಲಿಲ್ಲ.

ನನ್ನ ಫೋನಿನಲ್ಲಿ ಉಳಿದಿರುವುದು ವಾಟ್ಸಾಪಿನಲ್ಲಿ ಕಳಿಸಲೆಂದು ಕುಗ್ಗಿಸಿದ ಫೈಲ್ ಮಾತ್ರ. ಅದರಲ್ಲಿ ಎರಡು ಕಿವಿಗೂ ಒಂದೇ ದನಿ. ಅಮ್ಮ ನನ್ನ ತಲೆಯೊಳಗೆ, ಹಣೆಯ ನಡುವೆ ಸಿಕ್ಕಿಕೊಂಡವಳಂತೆ ಮಾತಾಡುತ್ತಾಳೆ. ಎಷ್ಟು ಸಲ ಕೇಳಿದರೂ ಹಿಂದೆ ಯಾರೂ ಇಲ್ಲ. ಕಾರ್ಡಿನಲ್ಲಿ ಅವಳು ಇನ್ನೂ ನನ್ನ ಬೆನ್ನ ಹಿಂದೆ, ಸ್ವಲ್ಪ ಎಡಕ್ಕೆ, ಬಾಗಿಲಲ್ಲೇ ನಿಂತಿದ್ದಾಳೆ.

ಕಾರ್ಡ್ ಕೊಡಲಾಗದಿದ್ದರೆ ಬೇಡ. ಸೂತಕ ಕಳೆದ ಮೇಲೆ ಬರುತ್ತೇನೆ, ಲ್ಯಾಬಿನ ಹೆಡ್‌ಫೋನಿನಲ್ಲಿ ಒಂದೇ ಒಂದು ಸಲ ಕೇಳಲು ಬಿಡಿ. ಈ ಸಲ ತಿರುಗುತ್ತೇನೆ.

ತಮ್ಮ ವಿದ್ಯಾರ್ಥಿನಿ,
ಪೂಜಿತಾ